ಸ್ವೆಟರಿನ "ಯೋಕ್"ಗೆ ಕನ್ನಡದಲ್ಲಿ ಏನನ್ನೋದು? (ನೊಗ ಅನ್ಬೇಡಿ ದಯವಿಟ್ಟು)

ಎಲ್ರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅರ್ಜೆಂಟು, ಯಾಕಂದ್ರೆ ಚಿಕ್ಕಮಗಳೂರಲ್ಲಿ ನಮ್ಮಮ್ಮ ಕಡ್ಡಿ ಹಿಡ್ಕೊಂಡು ಕೂತಿದಾಳೆ.

ನಾನಿರೋದು ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿ. ಹೋದ ಚಳಿಗಾಲ ಅಮ್ಮ ಇಲ್ಲಿಗೆ ಬಂದಿದ್ದಾಗ ಜನ ಹಾಕ್ಕೊಳೋ ಸ್ವೆಟರ್ ನೋಡಿ, ಕತ್ತಿನ ಸುತ್ತ ಬಣ್ಣಬಣ್ಣದ ಚಿತ್ತಾರ ಬಳೆ ಥರ ಹರಡಿಕೊಂಡು ಭುಜದವರೆಗೂ ಇಳಿದಿರತ್ತಲ್ಲ ಅದು, ಒಂದು ತಾನೂ ಹಾಕ್ಲೇಬೇಕು ಅಂದ್ಲು. ಪ್ಯಾಟರ್ನ್ ಇಂಗ್ಲಿಷಲ್ಲಿದೆ, ಅವಳಿಗೆ ಇಂಗ್ಲಿಷ್ ಓದಕ್ಕೆ ಬೇಜಾರು, ಹಾಗಾಗಿ ನಾನು ಒಂದೊಂದೇ ಪುಟ ಕನ್ನಡ ಮಾಡಿ ವಾಟ್ಸಾಪಲ್ಲಿ ಕಳಿಸ್ತಾ ಇದೀನಿ. ಎರಡನೇ ಪುಟದಲ್ಲೇ ಸಿಕ್ಕಾಕ್ಕೊಂಡೆ. "88 ಫಂದಾ ಎತ್ಕೊಂಡು ಕತ್ತಿನ ಪಟ್ಟಿ ಮುಗಿಸಿ ನೊಗ ಶುರುಮಾಡು" ಅಂತ ಬರೆದು ಕಳಿಸಿದ್ದಕ್ಕೆ (ಫಂದಾ ಅಂದ್ರೆ ಕಡ್ಡಿ ಮೇಲಿನ ಒಂದೊಂದು ಕುಣಿಕೆ, ಇಂಗ್ಲಿಷಿನ ಸ್ಟಿಚ್) ಬಂದ ಉತ್ತರ, "ನೊಗ ಯಾರ ಹೆಗಲಿಗೋ? ನಾನು ಸ್ವೆಟರ್ ಹಾಕ್ತಿರೋದು, ಉಳೋಕೆ ಹೊರಟಿಲ್ಲ."

ಯೋಕ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಈ ಜಾತಿ ಸ್ವೆಟರನ್ನ (ಇಂಗ್ಲಿಷಲ್ಲಿ ಯೋಕ್ ಸ್ವೆಟರ್) ಕತ್ತಿಂದ ಕೆಳಗೆ ಕೊಳವೆ ಥರ ಸುತ್ತುಸುತ್ತಾಗಿ ಹೆಣ್ಕೊಂಡು ಬರ್ತಾರೆ. ಮಧ್ಯೆ ಮಧ್ಯೆ ಒಂದೊಂದು ಸುತ್ತಲ್ಲಿ ಫಂದಾ ಹೆಚ್ಚಿಸ್ತಾ 88 ಇದ್ದಿದ್ದು 264 ಆಗತ್ತೆ, ಅಲ್ಲಿಗೆ ತೋಳಿಗೆ 52, 52 ಬೇರೆ ದಾರಕ್ಕೆ ಪೋಣಿಸಿಟ್ಟು, ಮುಂದೆ 80 ಹಿಂದೆ 80 ಉಳೀತಲ್ಲ, ಅವನ್ನ ಕಂಕುಳಲ್ಲಿ ಎಂಟೆಂಟು ಹೊಸಾ ಫಂದಾ ಸೇರಿಸಿ ಜೋಡಿಸಿ ಮೈ ಭಾಗ ಮುಂದುವರಿಸೋದು. ಕತ್ತಿನ ಪಟ್ಟಿ ಆದ್ಮೇಲೆ, ತೋಳು ಬೇರೆಯಾಗೋ ಮುಂಚೆ ಬರೋ ಆ ಇಡೀ ವೃತ್ತಾಕಾರದ ಭಾಗವೇ ಯೋಕ್. ಚಿತ್ತಾರ ಪೂರ್ತಿ ಇರೋದು ಅಲ್ಲೇ. ಅಂದ್ರೆ ಸ್ವೆಟರಿಗೆ ಹೆಸರು ಬಂದಿರೋದೇ ಯಾವ ಭಾಗದಿಂದಲೋ ಆ ಭಾಗಕ್ಕೇ ನನ್ನತ್ರ ಕನ್ನಡ ಪದ ಇಲ್ಲ.

ನೊಗ ಅನ್ನೋದು ಡಿಕ್ಷನರಿ ಪ್ರಕಾರ ತಪ್ಪೇನಲ್ಲ. ಇಂಗ್ಲಿಷಿನ ಯೋಕ್, ಸಂಸ್ಕೃತದ ಯುಗ ಎರಡೂ ಒಂದೇ ಬೇರಿಂದ ಬಂದವು, ಯುಗಕ್ಕೆ ನೊಗ ಅನ್ನೋ ಅರ್ಥ ಇದ್ದೇ ಇದೆ. ಇಲ್ಲಿ ಸ್ವೀಡಿಶಲ್ಲೂ ಎತ್ತಿನ ನೊಗಕ್ಕೂ ಸ್ವೆಟರಿನ ಈ ಭಾಗಕ್ಕೂ ಒಂದೇ ಪದ, ಊಕ್. ಆದ್ರೆ ಕನ್ನಡದಲ್ಲಿ ನೊಗ ಅಂದ ತಕ್ಷಣ ಸಂಸಾರದ ನೊಗ, ನೊಗ ಹೊತ್ತು ಸವೆದ ಎತ್ತು, ಇಂಥದ್ದೇ ಕಣ್ಮುಂದೆ ಬರೋದು. ಮೇಲಾಗಿ ನಮ್ಮ ನೊಗ ಉದ್ದದ ಮರದ ತುಂಡು, ಇದು ಗುಂಡಗೆ ಹೂವಿನ ಹಾರದ ಥರ ಕೂರೋದು. ಆ ಹೋಲಿಕೆ ಕನ್ನಡದಲ್ಲಿ ಕೂರಲ್ಲ ಅಷ್ಟೇ.

ಪಕ್ಕದ ಭಾಷೆಗಳನ್ನ ನೋಡಿದ್ರೆ ಬೇರೆ ದಾರಿ ಕಾಣತ್ತೆ. ನಾರ್ವೆಯವರು ಬ್ಯಾರೆಸ್ಟಿಕ್ಕೆ ಅಂತಾರೆ, ಐಸ್‌ಲ್ಯಾಂಡಲ್ಲಿ ಬೆರುಸ್ಟಿಕ್ಕಿ, ಎರಡಕ್ಕೂ ಅರ್ಥ ಹೊರೋ ತುಂಡು, ಇಡೀ ಉಡುಪಿನ ಭಾರ ಹೊರೋ ಭಾಗ ಅಂತ. ಐಸ್‌ಲ್ಯಾಂಡಿನ ಲೋಪಾಪೇಸಾ ಅನ್ನೋ ಸ್ವೆಟರ್ ಫೋಟೋದಲ್ಲಾದ್ರೂ ನೋಡಿರ್ತೀರ, ಲೋಪಿ ಅಂದ್ರೆ ಹುರಿ ಕೊಡದ ಮೆತ್ತನೆ ಉಣ್ಣೆ ಎಳೆ, ಪೇಸಾ ಅಂದ್ರೆ ಸ್ವೆಟರು, ಅವರು ಮಾಮೂಲಾಗಿ ಕೆಳಗಿಂದ ಮೇಲಕ್ಕೆ ಹೋಗ್ತಾರೆ, ಅಮ್ಮ ಮಾಡ್ತಿರೋದು ಅದರ ಉಲ್ಟಾ. ಜರ್ಮನ್ನರು ಮಾತ್ರ ಪಾಸ್ಸೆ ಅಂದ್ಬಿಟ್ಟು ನೊಗದ ಗೊಡವೆನೂ ಬೇಡ ಹೊರೆ ಗೊಡವೆನೂ ಬೇಡ ಅಂತ ತಪ್ಪಿಸ್ಕೊಂಡಿದಾರೆ.

ಅಂದಹಾಗೆ ನಾನಿರೋ ಈ ಊರಿಂದ ಸ್ವಲ್ಪ ಉತ್ತರಕ್ಕೆ ಬೂಹುಸ್ಲೇನ್ ಅನ್ನೋ ಕರಾವಳಿ ಇದೆ, ಕಲ್ಲು ಒಡೆಯೋರ ಸೀಮೆ. ಗಂಡಸರಿಗೆ ಕೆಲಸ ಇಲ್ದೇ ಕಷ್ಟ ಆದಾಗ ಹೆಂಗಸರ ಕೈಗೆ ಕೆಲಸ ಕೊಡ್ಬೇಕು ಅಂತ ಎಮ್ಮಾ ಯಾಕೊಬ್ಸನ್ ಅನ್ನೋರು ಶುರುಮಾಡಿದ ಬೂಹುಸ್ ಸ್ಟಿಕ್ನಿಂಗ್ ಅನ್ನೋ ಹೆಣಿಗೆ ಸಂಸ್ಥೆ 1939ರಿಂದ 1969ರವರೆಗೆ ನಡೀತು. ಅದರ ಸ್ವೆಟರುಗಳಲ್ಲಿ ಅಲ್ಲಲ್ಲಿ ಬೇಕಂತಲೇ ಉಲ್ಟಾ ಫಂದಾ (ಇಂಗ್ಲಿಷಿನ ಪರ್ಲ್) ಹಾಕಿರ್ತಾರೆ, ಬಣ್ಣಗಳು ಒಂದರೊಳಗೊಂದು ಕದಡಿದ ಹಾಗೆ ಕಾಣ್ತವೆ. ಅಮ್ಮ ಮ್ಯೂಸಿಯಂ ಗಾಜಿಗೆ ಮೂಗು ಒತ್ತಿ ನಿಂತಿದ್ದು ಇಂಥದ್ದೊಂದರ ಮುಂದೆ.

ಫಂದಾ ಅಂದ್ನಲ್ಲ, ಅದೂ ಒಂದು ಕತೆ. ಅಮ್ಮ ಹೆಣಿಗೆ ಕಲ್ತಿದ್ದು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಲ್ಲಿ, ಪಕ್ಕದ್ಮನೆ ಪಂಜಾಬಿ ಆಂಟಿ ಹತ್ರ, ಹಾಗಾಗಿ ಅವಳ ಮಾತೆಲ್ಲ ಸೀದಾ, ಉಲ್ಟಾ, ಫಂದಾ. ಕುಣಿಕೆ ಅಂತ ಬರೀಬಹುದಿತ್ತು, ಅರ್ಥ ಅದೇ, ಆದ್ರೆ "264 ಕುಣಿಕೆ" ಅಂತ ಓದಿದ್ರೆ ಯಾಕೋ ಜೈಲು ನೆನಪಾಗತ್ತೆ ನಂಗೆ. ಇನ್ನು ಹೆಣಿಗೆ ಅನ್ನೋ ಪದವನ್ನೇ ಧಾರವಾಡದ ಗೆಳೆಯನೊಬ್ಬ ಹಣಿಗಿ ಅಂತ ಕೇಳಿಸ್ಕೊಂಡು "ನಿಮ್ಮವ್ವ ಬಾಚಣಿಕಿ ಮಾಡ್ತಾರೇನು" ಅಂದ. ಜಡೆ, ಬುಟ್ಟಿ, ಹೂವು ಎಲ್ಲಾ ಹೆಣೀತೀವಿ, ಸ್ವೆಟರನ್ನ ಮಾತ್ರ "ಹಾಕ್ತೀವಿ", ಮೈಗೆ ಹಾಕ್ಕೊಳೋದಕ್ಕೂ ಅದೇ ಕ್ರಿಯಾಪದ, ಕಡ್ಡೀಲಿ ಹಾಕೋದಕ್ಕೂ ಅದೇ. ಉಣ್ಣೆ, ಉಲ್ಲನ್ ಎರಡೂ ದೂರದ ನೆಂಟರೇ (ಊರ್ಣಾ, ವೂಲ್ ಒಂದೇ ಬೇರು), ಆದ್ರೆ ನಮ್ಮ ಅಂಗಡೀಲಿ ಉಲ್ಲನ್ ಅಂತ ಕೊಡೋದು ಬಹುಪಾಲು ಅಕ್ರಿಲಿಕ್ಕು, ಅದು ಬೇರೆ ಜಗಳ.

ಇನ್ನೊಂದು ಪದವೂ ಬೇಕು. ಒಂದೇ ಸುತ್ತಲ್ಲಿ ಎರಡು ಬಣ್ಣ ಹಾಕುವಾಗ ಕೆಲಸ ಇಲ್ದ ಬಣ್ಣ ಹಿಂದುಗಡೆ ಸುಮ್ನೆ ಅಡ್ಡ ಹೋಗತ್ತೆ, ಅದನ್ನ ಫ್ಲೋಟ್ ಅಂತಾರೆ. ಮೊದಲ ಸಲ "ತೇಲುದಾರ" ಅಂತ ಬರ್ದೆ, ಅಮ್ಮಂಗೆ ಅರ್ಥ ಆಗ್ಲಿಲ್ಲ, ದಾರ ಬಿಗಿಯಾಗಿ ಎಳ್ದೆಳ್ದು ಹಾಕಿ ಎಂಟು ಸುತ್ತು ಸುಟ್ಟ ಹಪ್ಪಳದ ಥರ ಮುದುರಿಕೊಂಡು ಎಲ್ಲಾ ಬಿಚ್ಚಬೇಕಾಯ್ತು. ಆಮೇಲೆ "ಹಿಂದಿನ ಎಳೆ ಸಡಿಲ ಬಿಡು, ಆದ್ರೆ ಜೋತು ಬೀಳ್ಬಾರ್ದು, ಉಂಗುರ ಸಿಕ್ಕೊಳತ್ತೆ" ಅಂತ ಬರೆದ್ಮೇಲೆ ಸರಿಹೋಯ್ತು. ನಂಗೆ "ಹಿನ್ನೆಳೆ" ಇಷ್ಟ ಆಗಿದೆ, ಇದಕ್ಕಿಂತ ಚೆನ್ನಾಗಿರೋದು ಇದ್ರೆ ಹೇಳಿ.

ಯೋಕ್‌ಗೆ ಬಂದ್ರೆ, ಟೈಲರ್‌ಗಳು ಫ್ರಾಕು ನೈಟಿಗೆಲ್ಲ ಯೋಕ್ ಅಂತಲೇ ಅಂತಾರೆ, ಅದನ್ನೇ ಇಟ್ಕೋಬಹುದು, ತಪ್ಪಿಲ್ಲ. ಕೊರಳಪಟ್ಟಿ ಅಂದ್ರೆ ಕಾಲರ್ ಆಗೋಯ್ತು. ಅಡ್ಡಿಕೆ (ಕತ್ತಿನ ಒಡವೆ) ಅಂತ ಒಬ್ರು ಹೇಳಿದ್ರು, ಚಂದ ಇದೆ, ಆದ್ರೆ ಅಡ್ಡಿಕೆ ಕತ್ತಿಗೆ ಅಂಟಿಕೊಂಡಿರತ್ತೆ, ಭುಜಕ್ಕೆ ಇಳಿಯಲ್ಲ. ನನ್ನ ಮನಸ್ಸು ವಾಲ್ತಿರೋದು ಹೆಗಲು ಅನ್ನೋದರ ಕಡೆ, ಅಮ್ಮ ಜಗಳಕ್ಕೆ ಬಳಸಿದ ಅದೇ ಪದ. ನೊಗ ಕೂರೋ ಜಾಗವೂ ಅದೇ, ಹೊರೋದೂ ಅದೇ, ನಾರ್ವೆಯವರ ಲೆಕ್ಕಕ್ಕೂ ಸರಿಹೋಗತ್ತೆ. ತೊಂದ್ರೆ ಏನಂದ್ರೆ ಅದೇ ಪ್ಯಾಟರ್ನಲ್ಲಿ "ಹೆಗಲಿನ ಅಳತೆ" ಅಂತ ಮೈ ಅಳತೆ ಬೇರೆ ಇದೆ, ಎರಡೂ ಕಲಸಿಹೋಗತ್ತೆ. ಹೆಗಲುಸುತ್ತು ಅನ್ನೋಣ ಅಂದ್ರೆ "ಹೆಗಲುಸುತ್ತಿನ ಹದಿನಾಲ್ಕನೇ ಸುತ್ತು" ಅಂತಾಗಿ ತಲೆ ಸುತ್ತತ್ತೆ.

ಮನೇಲಿ ಹೊಲಿಗೆ ಹೆಣಿಗೆ ಇರೋರು, ಕೊಡಗು ಮಲೆನಾಡಿನ ಕಡೆಯೋರು ಯಾರಾದ್ರೂ ಬೇರೆ ಏನಾದ್ರೂ ಅಂತೀರಾ? ಅಮ್ಮ 240 ದಾಟಿದಾಳೆ, ಭಾನುವಾರದೊಳಗೆ ತೋಳು ಬೇರೆ ಮಾಡೋ ಪುಟ ಕಳಿಸ್ಬೇಕು, "ಯೋಕ್ ಮುಗಿದ ಮೇಲೆ" ಅನ್ನೋದೇ ಅದರ ಮೊದಲ ಸಾಲು.