ಪ್ರಿಂಟರ್ ಪೇಜಿಗೆ ಬೀಗದ ಗುರುತು ಬಂತು, ಪ್ರಿಂಟ್ ಆಗುವ ಕಾಗದಕ್ಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆಯಲ್ಲಿ ಚಿಕ್ಕ ಆಡಿಟ್ ಆಫೀಸು. 12 ಕಂಪ್ಯೂಟರ್‌ಗೆ ಒಂದೇ ನೆಟ್‌ವರ್ಕ್ ಪ್ರಿಂಟರ್. ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅದರಲ್ಲೇ ಪ್ರಿಂಟ್ ಆಗುತ್ತದೆ. ಅದರ ಸೆಟ್ಟಿಂಗ್ಸ್ ಪೇಜ್ ತೆರೆದರೆ ಬ್ರೌಸರ್ ‘ಸುರಕ್ಷಿತವಲ್ಲ’ ಅನ್ನುತ್ತದೆ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ ಅಂತ ಒಬ್ಬರು ಹೇಳಿದರು. ತಗೊಳ್ಳಬೇಕಾ?

ಉತ್ತರ: ನಮಸ್ಕಾರ ಮೇಡಂ. ಬೇಡ. ಸರ್ಟಿಫಿಕೇಟ್ ಅಂದರೆ ಆ ವಿಳಾಸದಲ್ಲಿರುವುದು ಇಂಥದ್ದೇ ಯಂತ್ರ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತಿನ ಪತ್ರ. ನಿಮ್ಮ ಪ್ರಿಂಟರ್ ಐಪಿ 192.168 ಅಂತ ಶುರುವಾಗುತ್ತದೆ, ಅಲ್ವಾ? ಅದು ಆಫೀಸಿನ ಒಳಗಿನ ವಿಳಾಸ. ಅದೇ ನಂಬರ್ ಪಕ್ಕದ ಅಂಗಡಿಯಲ್ಲೂ ಇರಬಹುದು. ಹಾಗಾಗಿ ಬ್ರೌಸರ್‌ಗಳು ನಂಬುವ ಹೊರಗಿನ ಸಂಸ್ಥೆಗಳು ಇಂಥ ವಿಳಾಸಕ್ಕೆ ಸರ್ಟಿಫಿಕೇಟ್ ಕೊಡುವಂತಿಲ್ಲ.

ಈಗ ಅದರಲ್ಲಿರುವುದು ಪ್ರಿಂಟರ್ ತಾನೇ ಬರೆದುಕೊಂಡ ಸರ್ಟಿಫಿಕೇಟ್. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಸೆಲ್ಫ್ ಅಟೆಸ್ಟೆಡ್ ಕಾಪಿ. ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಡೇಟಾವನ್ನು ಗುಟ್ಟು ಮಾಡುವುದು) ಆಗುತ್ತದೆ, ಆದರೆ ಆ ಕಡೆ ಇರುವುದು ನಿಮ್ಮ ಪ್ರಿಂಟರೇ ಅಂತ ಹೇಳಲು ಸಾಕ್ಷಿ ಇಲ್ಲ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೇರೆ. ಆ ಎಚ್ಚರಿಕೆ ಸೆಟ್ಟಿಂಗ್ಸ್ ಪೇಜಿನದು ಮಾತ್ರ. ನೀವು ಪ್ರಿಂಟ್ ಕೊಟ್ಟಾಗ ಫೈಲ್ ಹೋಗುವ ದಾರಿಯೇ ಬೇರೆ. ಐಪಿ ಕೊಟ್ಟು ಸೇರಿಸಿದ ಪ್ರಿಂಟರ್‌ಗೆ ವಿಂಡೋಸ್ ಸಾಮಾನ್ಯವಾಗಿ 9100 ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಡೇಟಾ ಒಳಬರುವ, ನಂಬರ್ ಇರುವ ಬಾಗಿಲು) ಕಳಿಸುತ್ತದೆ. ಅಲ್ಲಿ ಎನ್‌ಕ್ರಿಪ್ಷನ್ ಇಲ್ಲವೇ ಇಲ್ಲ. ನೆಟ್‌ವರ್ಕ್‌ನಲ್ಲಿ ಹಾದುಹೋಗುವ ಡೇಟಾ ಹಿಡಿಯಲು ಬಲ್ಲವರು ಬ್ಯಾಂಕ್ ಸ್ಟೇಟ್‌ಮೆಂಟನ್ನು ಹಾಗೇ ಬಿಡಿಸಿ ನೋಡಬಹುದು. ಸರ್ಟಿಫಿಕೇಟ್ ಹಾಕಿ ಇಷ್ಟಕ್ಕೇ ಬಿಟ್ಟ ಎಷ್ಟೋ ಆಫೀಸು ನೋಡಿದ್ದೇನೆ. ಬೇಜಾರಾಗುತ್ತದೆ.

ಹೀಗೆ ಮಾಡಿ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಪ್ರಿಂಟರ್‌ಗೆ ಬದಲಾಗದ ಐಪಿ ಮತ್ತು ಒಂದು ಹೆಸರು ಕೊಡಿ. ಆಮೇಲೆ ಓಪನ್‌ಎಸ್‌ಎಸ್‌ಎಲ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಆಫೀಸಿನದೇ ಒಂದು ರೂಟ್ ಸರ್ಟಿಫಿಕೇಟ್ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್) ಮಾಡಿಕೊಳ್ಳಿ. ಪ್ರಿಂಟರ್‌ನಲ್ಲಿ ಸಿಎಸ್‌ಆರ್ (ಸರ್ಟಿಫಿಕೇಟ್ ಕೋರುವ ಅರ್ಜಿ ಫೈಲ್) ತಯಾರಿಸಿ, ಅದಕ್ಕೆ ಈ ರೂಟ್‌ನಿಂದ ಸಹಿ ಹಾಕಿ ಮತ್ತೆ ಪ್ರಿಂಟರ್‌ಗೇ ಹಾಕಿ. ಹೀಗೆ ಮಾಡಿದರೆ ಖಾಸಗಿ ಕೀ (ಸರ್ಟಿಫಿಕೇಟ್‌ನ ಜೋಡಿಯಾದ ಗುಟ್ಟಿನ ಡಿಜಿಟಲ್ ಕೀಲಿ) ಪ್ರಿಂಟರ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಸಹಿ ಹಾಕುವಾಗ ಸರ್ಟಿಫಿಕೇಟ್ ಯಾವ ವಿಳಾಸಗಳಿಗೆ ಅಂತ ಬರೆಯುವ ಎಸ್‌ಎಎನ್ ಅನ್ನುವ ಜಾಗದಲ್ಲಿ ಹೆಸರು, ಐಪಿ ಎರಡೂ ಇರಲಿ. 2017ರಿಂದ ಕ್ರೋಮ್ ಬ್ರೌಸರ್, ಹೆಸರು ಬರೆಯುವ ಹಳೇ ಜಾಗವಾದ ಕಾಮನ್ ನೇಮ್ ನೋಡುವುದನ್ನೇ ಬಿಟ್ಟಿದೆ, ಎಸ್‌ಎಎನ್ ಮಾತ್ರ ನೋಡುತ್ತದೆ.

ರೂಟ್ ಸರ್ಟಿಫಿಕೇಟನ್ನು 12 ಕಂಪ್ಯೂಟರ್‌ಗೂ ಹಾಕಬೇಕು. ರೂಟ್‌ನ ಕೀ ಮಾತ್ರ ಪೆನ್‌ಡ್ರೈವ್‌ನಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿಡಿ. ಅದು ಸಿಕ್ಕವರು ನಿಮ್ಮ ಕಂಪ್ಯೂಟರ್‌ಗಳು ನಂಬುವಂಥ ನಕಲಿ ಬ್ಯಾಂಕ್ ಸೈಟ್ ಕೂಡ ಮಾಡಬಹುದು.

ಕೊನೆಗೆ ಪ್ರಿಂಟರನ್ನು ಕಂಪ್ಯೂಟರ್‌ಗಳಿಂದ ತೆಗೆದು, ಐಪಿಪಿಎಸ್ (ಎನ್‌ಕ್ರಿಪ್ಷನ್ ಇರುವ ಪ್ರಿಂಟಿಂಗ್ ದಾರಿ) ಮೂಲಕ ಮತ್ತೆ ಸೇರಿಸಿ. ಸಾಮಾನ್ಯವಾಗಿ 631ನೇ ಪೋರ್ಟ್. ಎಲ್ಲ ಕಡೆ ಪ್ರಿಂಟ್ ಬಂದ ಮೇಲೆಯೇ 9100, 515, ಎಫ್‌ಟಿಪಿ, ಟೆಲ್ನೆಟ್ ಅನ್ನುವ ಎನ್‌ಕ್ರಿಪ್ಷನ್ ಇಲ್ಲದ ಹಳೇ ದಾರಿಗಳನ್ನು ಆಫ್ ಮಾಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಮ್ಮ ಹಳೇ ಪ್ರಿಂಟರ್ ಪಿಎಫ್‌ಎಕ್ಸ್ ಫೈಲ್ (ಸರ್ಟಿಫಿಕೇಟ್, ಕೀ ಎರಡೂ ಸೇರಿರುವ, ಪಾಸ್‌ವರ್ಡ್ ಹಾಕಿದ ಫೈಲ್) ಮಾತ್ರ ತಗೊಳ್ಳುತ್ತದೆ. ಹಾಕಿದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ನಾಲ್ಕು ಸಲ ನೋಡಿದೆ, ಸರಿಯಾಗೇ ಇದೆ.

ಉತ್ತರ: ಪಾಸ್‌ವರ್ಡ್ ಸರಿ ಇರಬಹುದು. ಓಪನ್‌ಎಸ್‌ಎಸ್‌ಎಲ್ 3 ಬಂದ ಮೇಲೆ ಪಿಎಫ್‌ಎಕ್ಸ್ ಫೈಲನ್ನು ಹೊಸ ರೀತಿಯಲ್ಲಿ ಎನ್‌ಕ್ರಿಪ್ಟ್ ಮಾಡುತ್ತದೆ. ಹಳೇ ಪ್ರಿಂಟರ್‌ಗೆ ಅದು ಅರ್ಥವಾಗುವುದಿಲ್ಲ, ಪಾಸ್‌ವರ್ಡ್ ಮೇಲೆ ತಪ್ಪು ಹಾಕುತ್ತದೆ. ‘ಲೆಗಸಿ’ ಆಯ್ಕೆ ಕೊಟ್ಟು ಫೈಲ್ ಮತ್ತೆ ಮಾಡಿ. ನಾನೂ ಒಮ್ಮೆ ಇದರಲ್ಲಿ ಅರ್ಧ ದಿನ ಕಳೆದಿದ್ದೇನೆ. ಜೊತೆಗೆ ಪ್ರಿಂಟರ್‌ನ ತಾರೀಖು ಸರಿ ಇದೆಯಾ ನೋಡಿ.

ಪ್ರಶ್ನೆ (ಮೊದಲು ಕೇಳಿದವರು): ಸರ್, 11 ಕಂಪ್ಯೂಟರ್ ಆಯ್ತು, ತುಂಬಾ ಥ್ಯಾಂಕ್ಸ್. ವಿಂಡೋಸ್ 7 ಇರುವ ಒಂದು ಮಾತ್ರ ಕನೆಕ್ಟ್ ಆಗುತ್ತಿಲ್ಲ. ಅದಕ್ಕೋಸ್ಕರ 9100 ತೆರೆದಿಡಲಾ?

ಉತ್ತರ: ದಯವಿಟ್ಟು ಬೇಡ ಮೇಡಂ. ವಿಂಡೋಸ್ 7ರಲ್ಲಿ ಟಿಎಲ್‌ಎಸ್ (ಈ ಎನ್‌ಕ್ರಿಪ್ಷನ್ ಮಾಡುವ ವಿಧಾನ) 1.2 ಆವೃತ್ತಿ ತಾನಾಗಿ ಆನ್ ಇರುವುದಿಲ್ಲ, ಅದೇ ಕಾರಣ ಇರಬೇಕು. ಆ ಒಂದಕ್ಕಾಗಿ ಪ್ರಿಂಟರ್‌ನಲ್ಲಿ ಟಿಎಲ್‌ಎಸ್ 1.0 ಕೂಡ ಆನ್ ಮಾಡಬೇಡಿ, 2021ರಲ್ಲೇ ಅದನ್ನು ಕೈಬಿಟ್ಟಾಗಿದೆ. ಆ ಕಂಪ್ಯೂಟರ್ ಬದಲಾಯಿಸುವವರೆಗೆ ಯುಎಸ್‌ಬಿ ಕೇಬಲ್‌ನಲ್ಲಿ ನೇರವಾಗಿ ಜೋಡಿಸಿ. ಆಗ ಫೈಲ್ ನೆಟ್‌ವರ್ಕ್‌ಗೆ ಬರುವುದೇ ಇಲ್ಲ. ಕೇಬಲ್ 5 ಮೀಟರ್ ಒಳಗಿರಲಿ, ಅದಕ್ಕಿಂತ ಉದ್ದದ್ದು ಕೈಕೊಡುತ್ತದೆ.