ಹಿಂದಿನ ಚಕ್ರಕ್ಕೆ 255/40 ಸಿಗುತ್ತಿಲ್ಲ, 255/45 ಹಾಕಬಹುದೇ?

ಪ್ರಶ್ನೆ:
ಕಾರು ಬಿಎಂಡಬ್ಲ್ಯು ಎಫ್30, ಎಕ್ಸ್‌ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಮಾದರಿ). ಮುಂದೆ 8ಜೆ (8 ಇಂಚು ಅಗಲದ) ರಿಮ್ಮಿಗೆ 225/45 ಆರ್18, ಹಿಂದೆ 8.5ಜೆ ರಿಮ್ಮಿಗೆ 255/40 ಆರ್18. ಹಿಂದೆ ಟ್ರೆಡ್ (ಟೈರಿನ ಗೆರೆಗಳ ಆಳ) 2.5 ಮಿ.ಮೀ.ಗೆ ಇಳಿದಿದೆ, ಮುಂದೆ ಇನ್ನೂ 5 ಇದೆ. ಅದೇ ಪ್ಯಾಟರ್ನ್‌ನಲ್ಲಿ (ಟ್ರೆಡ್ ವಿನ್ಯಾಸದಲ್ಲಿ) 255/40 ಸ್ಟಾಕ್ ಇಲ್ಲ. 255/45 ಅಥವಾ 265/40 ಹಾಕಿ ಅನ್ನುತ್ತಿದ್ದಾರೆ. ನಡೆಯುತ್ತದೆಯೇ? ಇಲ್ಲವೆಂದರೆ ನಾಲ್ಕಕ್ಕೂ 225/45 ಹಾಕಿಬಿಡಲೇ?

ಉತ್ತರ 1:
255/45 ಬೇಡವೇ ಬೇಡ. ವ್ಯಾಸದ ಲೆಕ್ಕ ಸುಲಭ: ಅಗಲ (225 ಮಿ.ಮೀ.) × ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರದ ಶೇಕಡಾವಾರು (45) × 2, ಅದಕ್ಕೆ 18 ಇಂಚಿನ ರಿಮ್ಮಿನ 457.2 ಮಿ.ಮೀ. ಸೇರಿಸಿ. ಈಗ ಮುಂದಿನದು 659.7, ಹಿಂದಿನದು 661.2. ವ್ಯತ್ಯಾಸ 1.5 ಮಿ.ಮೀ. ಮಾತ್ರ. 255/45ರ ವ್ಯಾಸ 686.7, ಅಂದರೆ ಮುಂದಿನದಕ್ಕಿಂತ 27 ಮಿ.ಮೀ. ದೊಡ್ಡದು, ಶೇ. 4.1. ನೇರ ರಸ್ತೆಯಲ್ಲೂ ಮುಂದಿನ, ಹಿಂದಿನ ಶಾಫ್ಟ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಆ ಅಂತರವನ್ನೆಲ್ಲ ಟ್ರಾನ್ಸ್‌ಫರ್ ಕೇಸ್‌ನ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆಯ) ಕ್ಲಚ್ ಪ್ಲೇಟ್‌ಗಳು ಜಾರಿ ಜಾರಿಯೇ ನುಂಗಬೇಕು. ಆಯಿಲ್ ಕಾಯುತ್ತದೆ, ಪ್ಲೇಟ್ ಸವೆಯುತ್ತದೆ. ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಕೂಡ ಚಕ್ರಗಳ ವೇಗ ಹೋಲಿಸಿಯೇ ಕೆಲಸ ಮಾಡುವುದು, ಅವಕ್ಕೂ ಗೊಂದಲ.

265/40 ನೋಡಲು ಹತ್ತಿರದ ಸೈಜ್ ಅನಿಸುತ್ತದೆ, ಆದರೆ ಅದಕ್ಕೆ ಕನಿಷ್ಠ 9ಜೆ ರಿಮ್ ಬೇಕು. 8.5ರ ಮೇಲೆ ಸೈಡ್‌ವಾಲ್ ಹೊರಗೆ ಉಬ್ಬುತ್ತದೆ, ತಿರುವಿನಲ್ಲಿ ಹಿಂಭಾಗ ತೇಲಿದಂತಾಗುತ್ತದೆ. ವ್ಯಾಸ 669.2, ಮುಂದೆಯೂ 235/45 (668.7) ಹಾಕಿದರೆ ಮಾತ್ರ ಜೋಡಿ ಕೂಡುತ್ತದೆ. ರಿಮ್ಮನ್ನೇ ಬದಲಿಸುವ ಉದ್ದೇಶ ಇಲ್ಲದಿದ್ದರೆ ಆ ದಾರಿ ಬಿಡಿ. ಪ್ಯಾಟರ್ನ್ ಬದಲಿಸಿ, ಸೈಜ್ ಬದಲಿಸಬೇಡಿ.

ಉತ್ತರ 2:
ಮೇಲಿನ ಲೆಕ್ಕ ಸರಿ, ಆದರೆ ಅದು ಹೊಸ ಟೈರಿನದು. ಸವೆತವನ್ನೂ ಹಿಡಿಯಿರಿ: ಟ್ರೆಡ್ 1 ಮಿ.ಮೀ. ಸವೆದರೆ ವ್ಯಾಸ 2 ಮಿ.ಮೀ. ಇಳಿಯುತ್ತದೆ. ಹೊಸದರಲ್ಲಿ 8 ಮಿ.ಮೀ. ಇತ್ತು ಎಂದುಕೊಂಡರೆ ನಿಮ್ಮ ಮುಂದಿನವು ಈಗ 653.7. ಸರಿಯಾದ 255/40 ಹೊಸದನ್ನೇ ಹಿಂದೆ ಹಾಕಿದರೂ 7.5 ಮಿ.ಮೀ. ಅಂತರ ಬಂತು, ಶೇ. 1.1ಕ್ಕಿಂತ ಸ್ವಲ್ಪ ಹೆಚ್ಚು. ಹಿಂಬದಿ ಡ್ರೈವ್ ಮಾತ್ರ ಇರುವ ಕಾರಾಗಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಎಕ್ಸ್‌ಡ್ರೈವ್‌ಗೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು. ಬೇರೆ ಪ್ಯಾಟರ್ನ್ ಆದರಂತೂ ನಾಲ್ಕೂ ಬದಲಾಗಲೇಬೇಕು, ಹಿಡಿತ ಮುಂದೊಂದು ಹಿಂದೊಂದು ಆಗಬಾರದು.

ಇನ್ನೊಂದು: ಸೈಡ್‌ವಾಲ್ ಮೇಲೆ ಒಂದೇ ಸೈಜ್ ಬರೆದಿದ್ದರೂ ಎರಡು ಕಂಪನಿಗಳ ಟೈರಿನ ನಿಜವಾದ ಸುತ್ತಳತೆ ಒಂದೇ ಇರುವುದಿಲ್ಲ. ಡೇಟಾಶೀಟ್‌ನಲ್ಲಿ ಕಿಲೋಮೀಟರಿಗೆ ಎಷ್ಟು ಸುತ್ತು ಎಂದು ಕೊಟ್ಟಿರುತ್ತಾರೆ, ಮುಂದಿನದು ಹಿಂದಿನದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಕ್ಷತ್ರದ ಗುರುತಿರುವ ಟೈರ್ ಸಿಕ್ಕರೆ ಈ ತಾಪತ್ರಯ ಕಡಿಮೆ. ಅವು ಬಿಎಂಡಬ್ಲ್ಯುಗೆಂದೇ ಮಾಡಿದವು.

ಉತ್ತರ 3:
ನಾಲ್ಕಕ್ಕೂ 225/45 ಹಾಕುವ ವಿಚಾರ: 225/45ಕ್ಕೆ 7ರಿಂದ 8.5ಜೆ ತನಕ ಒಪ್ಪಿಗೆ ಇದೆ, ಹಾಗಾಗಿ ಹಿಂದಿನ ರಿಮ್ಮಿಗೆ ಕೂರುತ್ತದೆ, ಆದರೆ ಮಿತಿಯ ತುದಿಯಲ್ಲಿ. ಸೈಡ್‌ವಾಲ್ ಎಳೆದಂತಿದ್ದು ರಿಮ್ಮಿನ ಅಂಚು ಹೊರಗೆ ಕಾಣುತ್ತದೆ, ಫುಟ್‌ಪಾತಿಗೆ ತಾಗಿದರೆ ಮೊದಲು ಗೀರು ಬೀಳುವುದು ಅದಕ್ಕೇ. ಲೋಡ್ ಇಂಡೆಕ್ಸ್ ಮರೆಯಬೇಡಿ: 91 ಅಂದರೆ ಟೈರಿಗೆ 615 ಕೆ.ಜಿ., 95 ಅಂದರೆ 690. ಹಿಂದಿನ ಆಕ್ಸಲ್‌ನ ಗರಿಷ್ಠ ಭಾರವನ್ನು ಬಾಗಿಲ ಚೌಕಟ್ಟಿನ ಪ್ಲೇಟಿನಲ್ಲಿ ನೋಡಿ. 225/45ರಲ್ಲಿ 95 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ತೆಗೆದುಕೊಳ್ಳುವುದೇ ಕ್ಷೇಮ.

ರೊಟೇಶನ್ (ಸವೆತ ಸಮನಾಗಲು ಟೈರುಗಳನ್ನು ಹಿಂದೆ ಮುಂದೆ ಅದಲುಬದಲು ಮಾಡುವುದು) ಆಸೆಗೆ ಇದನ್ನು ಮಾಡುವುದಾದರೆ ಲಾಭ ಅರ್ಧ ಮಾತ್ರ. ನಿಮ್ಮ ರಿಮ್‌ಗಳ ಆಫ್‌ಸೆಟ್ (ಬೋಲ್ಟ್ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ದೂರ ಎಂಬುದು) ಮುಂದೆ 34, ಹಿಂದೆ 47 ಇರಬೇಕು, ಒಳಗೆ ಅಚ್ಚೊತ್ತಿರುತ್ತದೆ, ನೋಡಿ. ಹಾಗಿದ್ದರೆ ಚಕ್ರ ಬಿಚ್ಚಿ ಮುಂದಕ್ಕೆ ಹಾಕಲು ಬರುವುದಿಲ್ಲ, ಪ್ರತಿ ಸಲ ಟೈರ್ ಕಳಚಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ರೊಟೇಶನ್ ಬೇಕೇ ಬೇಕು ಅಂದರೆ 8ಜೆ, ಆಫ್‌ಸೆಟ್ 34ರ ಇನ್ನೆರಡು ರಿಮ್ ಹುಡುಕಿ.

ಈಗಿರುವುದು ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಆಗಿದ್ದರೆ ಎರಡು ಮಾತ್ರ ಸಾದಾ ಹಾಕಬೇಡಿ. ಹಳೆಯ ಹಿಂದಿನ ಟೈರುಗಳ ಒಳ ಅಂಚು ಹೆಚ್ಚು ಸವೆದಿದೆಯೇ ಎಂದು ಕೈಯಾಡಿಸಿ ನೋಡಿ. ಸವೆದಿದ್ದರೆ ಹೊಸದು ಹಾಕಿದ ದಿನವೇ ಹಿಂದಿನ ಚಕ್ರಗಳ ಟೋ, ಕ್ಯಾಂಬರ್ (ಚಕ್ರ ತಿರುಗಿರುವ, ವಾಲಿರುವ ಕೋನ) ಅಳೆಸಿ. ಗಾಳಿ ತುಂಬಿಸಿ ಪ್ರೆಶರ್ ಮಾನಿಟರ್ ರೀಸೆಟ್ ಮಾಡಿದ ಮೇಲೆ ಗಾಡಿ ಹೊರಡಿಸಿ.