ಜರ್ಮನಿಯಿಂದ 1800 ನಂಬರಿಗೆ ಫೋನ್ ಹೋಗ್ತಿಲ್ಲ, ಏನು ಮಾಡ್ಲಿ?

ಸಾಗರದ ಟೀಚರ್:
ಮಗಳ ಬಾಣಂತನಕ್ಕೆ ಅಂತ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯ್ತು. ನಿನ್ನೆ ರಾತ್ರಿ ಮಗೂನ ತೊಡೆ ಮೇಲೆ ಹಾಕ್ಕೊಂಡು ತಟ್ತಾ ಇದ್ದೆ, ಊರಿನ ಸಿಮ್ಮಿಗೆ ಮೆಸೇಜು: ನನ್ನ ಪೆನ್ಷನ್ ಖಾತೆಯಿಂದ 4,999 ರೂಪಾಯಿ ಕಟ್. ನಾನು ಏನೂ ಕೊಂಡಿಲ್ಲ, ಓಟಿಪಿ ಯಾರಿಗೂ ಹೇಳಿಲ್ಲ. ಕಾರ್ಡು ಪರ್ಸಲ್ಲೇ ಇದೆ, ಕುಂಕುಮದ ಪೊಟ್ಟಣದ ಪಕ್ಕ.

ಕಾರ್ಡಿನ ಹಿಂದಿರೋದು ಒಂದೇ ನಂಬರು, 1800ರಿಂದ ಶುರು. ಮಗಳ ಫೋನಲ್ಲಿ ಹಾಗೇ ಒತ್ತಿದೆ. ಸೊನ್ನೆ ಸೇರಿಸಿ ಒತ್ತಿದೆ. 0091 ಹಾಕಿ ಒತ್ತಿದೆ. ಮೂರು ಸಲವೂ ಒಬ್ಬಳು ಜರ್ಮನ್‌ನಲ್ಲಿ ಅದೇ ಪಾಠ ಒಪ್ಪಿಸಿದಳು. ‘ಅಂಥ ನಂಬರೇ ಇಲ್ಲ ಅಂತಿದ್ದಾಳಮ್ಮ’ ಅಂದಳು ಮಗಳು. ಬ್ಯಾಂಕಿನ ಆ್ಯಪ್‌ಗೆ ಗಾಬರಿಯಲ್ಲಿ ತಪ್ಪು ಪಾಸ್‌ವರ್ಡ್ ಹಾಕಿ ಹಾಕಿ ಅದೂ ಲಾಕ್. ಊರಿಂದ ನಮ್ಮೆಜಮಾನ್ರು ಫೋನ್ ಮಾಡಿದ್ರೆ ಖಾತೆದಾರರೇ ಮಾತಾಡ್ಬೇಕು ಅಂದ್ರಂತೆ. ಅವರು ಎರಡು ಫೋನನ್ನೂ ಸ್ಪೀಕರಿಗೆ ಹಾಕಿ ಬಾಯಿಗೆ ಬಾಯಿ ಹಿಡಿದ್ರು, ಕೇಳಿಸಿದ್ದು ಬರೀ ಕೊಯ್ಯ್ ಅನ್ನೋ ಸದ್ದು.

ಪುಕ್ಕಟೆ ಬೇಡ, ದುಡ್ಡು ಕೊಟ್ಟೇ ಮಾಡ್ತೀನಿ ಅಂದ್ರೂ ಯಾಕೆ ಹೋಗಲ್ಲ ಇದು?

ಮಾರತ್‌ಹಳ್ಳಿ ನೈಟ್ ಶಿಫ್ಟ್:
ಮೇಡಂ, ಕಾಲ್ ಸೆಂಟರಲ್ಲಿ ಆರು ವರ್ಷ ಕೂತಿದ್ದೆ. 1800 ಅನ್ನೋದು ಬರೀ ಬೋರ್ಡು, ಅದರ ಹಿಂದೆ ಇರೋದು ಮಾಮೂಲಿ ಲೈನು. ಕರೆಯ ಖರ್ಚು ಬ್ಯಾಂಕಿನದು, ಆದ್ರೆ ಆ ಒಪ್ಪಂದ ದೇಶದೊಳಗಿನ ಕರೆಗೆ ಮಾತ್ರ. ಜರ್ಮನಿಯ ಕಂಪನಿಗೆ ಅಷ್ಟು ದೂರದ ದುಡ್ಡು ಯಾರು ಕೊಡ್ಬೇಕು ಅನ್ನೋ ಲೆಕ್ಕವೇ ಇರಲ್ಲ, ಹಾಗಾಗಿ ಕರೆ ಮುಂದೆ ದಾಟಿಸೋದೇ ಇಲ್ಲ. ಕೆಲವು ಸಲ ಹೋಗುತ್ತೆ, ನಂಬಿ ಕೂರಬೇಡಿ. 1860ರಿಂದ ಶುರುವಾಗೋ ನಂಬರಿಗೆ ಕರೆ ಮಾಡಿದವರೇ ದುಡ್ಡು ಕೊಡ್ತಾರೆ, ಆದರೂ ಹೊರದೇಶದಿಂದ ಅದರದ್ದೂ ಇದೇ ಹಣೆಬರಹ.

ನಿಮಗೆ ಬೇಕಿರೋದು ಊರಿನ ಕೋಡ್ ಇರೋ ನಂಬರು, 080 ಅಥವಾ 022. ಮುಂದಿನ ಸೊನ್ನೆ ತೆಗೆದು 0091 80 ಅಂತ ಒತ್ತಿ. ಬ್ಯಾಂಕಿನ ವೆಬ್‌ಸೈಟಲ್ಲಿ ಎನ್ನಾರೈಗಳ ಪುಟದಲ್ಲಿ ಸಾಮಾನ್ಯವಾಗಿ ಇರುತ್ತೆ. ಗೂಗಲ್‌ನಲ್ಲಿ ಮೇಲೆ ಕಾಣೋ ನಂಬರಿಗೆ ಮಾತ್ರ ಕೈ ಹಾಕಬೇಡಿ, ಕಳ್ಳರು ಅಲ್ಲೇ ಬಲೆ ಹಾಕಿರ್ತಾರೆ.

ದೇರಾ ದುಬೈ:
ಅಕ್ಕಾ, ಮೊದಲು ಬ್ಯಾಂಕಿಗೆ ಮೇಲ್ ಹಾಕಿ, ಈಗಲೇ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ, ನಿಮ್ಮದೂ ಬ್ಯಾಂಕಿಂದೂ ತಪ್ಪಿಲ್ಲದ ಮೋಸವನ್ನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿಮ್ಮ ತಲೆಗೆ ಬರಲ್ಲ ಅಂತ ಇತ್ತು. ತಿಳಿಸೋಕೆ ಫೋನೇ ಆಗ್ಬೇಕಂತಿಲ್ಲ, ಮೇಲೂ ಲೆಕ್ಕಕ್ಕಿದೆ. ಟೈಮ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಇಂಟರ್ನೆಟ್ ಕಾಲ್ ಆ್ಯಪಲ್ಲಿ ಮಾಡೋದಾದ್ರೆ ಇನ್ನೊಂದು ಗೋಳಿದೆ: ‘ಒಂದು ಒತ್ತಿ’ ಅಂತಾರೆ, ಒತ್ತಿದ್ದು ಆ ಕಡೆಗೆ ಮುಟ್ಟೋದೇ ಇಲ್ಲ. ನಾನು ಒಂಬತ್ತನ್ನ ಹತ್ತು ಸಲ ಒತ್ತಿದೀನಿ.

ಕುವೆಂಪುನಗರ:
ನಮ್ಮದು ಉಲ್ಟಾ ಕಥೆ. ಅಮೆರಿಕದ ಕಾರ್ಡು, ಮೈಸೂರಲ್ಲಿ ಕೂತು ಅವರ 1-800ಕ್ಕೆ ಮಾಡಿ ಸಾಕಾಯ್ತು. ದೇಶ ದೇಶಕ್ಕೂ ಹೋಗೋ ಟೋಲ್ ಫ್ರೀ ಅಂತ +800ರಿಂದ ಶುರುವಾಗೋ ನಂಬರುಗಳಿವೆ, ಮುಂದೆ ಎಂಟು ಅಂಕಿ. ಅವೂ ಎಲ್ಲ ದೇಶದಿಂದ ಹೋಗಲ್ಲ ಅನ್ನಿ.

ಸಾಗರದ ಟೀಚರ್:
ಮೇಲ್ ರಾತ್ರಿನೇ ಹಾಕಿದೆ. ಇಲ್ಲಿ ಬೆಳಗ್ಗೆ ಆರೂವರೆ, ಊರಲ್ಲಿ ಹತ್ತು ಆದ್ಮೇಲೆ ನಮ್ಮೆಜಮಾನ್ರು ಪಾಸ್‌ಬುಕ್ಕಿನ ಹಿಂದಿನ ರಟ್ಟಿನಿಂದ 080 ನಂಬರ್ ಓದಿ ಹೇಳಿದ್ರು. ಎರಡು ವರ್ಷದಿಂದ ಬೀರುವಿನಲ್ಲೇ ಇತ್ತಂತೆ! ಮೊದಲನೇ ಸಲಕ್ಕೇ ರಿಂಗಾಯ್ತು. ಹನ್ನೊಂದು ನಿಮಿಷ ಸಂಗೀತ, ನಡುವೆ ಮಗು ಎದ್ದು ಅತ್ತು, ಆ ಕಡೆ ಹುಡುಗಿ ‘ಮಗೂಗೆ ಎಷ್ಟು ತಿಂಗಳು ಮೇಡಂ’ ಅಂತ ಕೇಳಿದ್ಲು. ಕಾರ್ಡ್ ಬ್ಲಾಕ್ ಆಯ್ತು. ದೂರಿನ ನಂಬರ್ ಬರೆದುಕೊಳ್ಳೋಕೆ ಕಾಗದ ಸಿಗದೆ ಡೈಪರ್ ಪ್ಯಾಕೆಟ್ ಮೇಲೆ ಬರ್ಕೊಂಡೆ. ಅದನ್ನ ಎಸೀಬೇಡಿ ಅಂತ ಅಳಿಯಂಗೆ ಹೇಳಿಟ್ಟಿದೀನಿ.